ಕಾಲಿನ ನೂಲೆಳೆ ರಕ್ತನಾಳಗಳು: ಚಿಕಿತ್ಸೆ ಯಾವಾಗ ಬೇಕು, ಯಾವಾಗ ಬೇಡ

ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬ ಶಬ್ದವು ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಸ್ಪರ್ಶ, ನೋವು ಮೊದಲಾದ ಸಂವೇದನೆಗಳನ್ನು ಮಿದುಳಿಗೆ ಒಯ್ಯುವ ತಂತುವೂ ನರವೇ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಲು ದಾದಿಯು ಮುಂಗೈಯಲ್ಲಿ ಹುಡುಕುವ ನೀಲಿ ರಕ್ತನಾಳವೂ ನರವೇ. ಈ ಶಬ್ದಸಾಮ್ಯದಿಂದ ಉಂಟಾಗುವ ತೊಂದರೆ ಸಣ್ಣದಲ್ಲ. ತೊಡೆಯ ಮೇಲೋ ಮೊಣಕಾಲಿನ ಹಿಂಬದಿಯಲ್ಲೋ ಕೆಂಪು ಅಥವಾ ನೇರಳೆ ಬಣ್ಣದ ಸಣ್ಣ ಗೆರೆಗಳು ಕಾಣಿಸಿಕೊಂಡಾಗ ಅದು ನರದೌರ್ಬಲ್ಯವೆಂದು ಭಾವಿಸಿ, ನರಗಳಿಗೆ ಬಲ ನೀಡುವುದೆಂದು ಹೇಳಲಾಗುವ ಗುಳಿಗೆಗಳನ್ನು ತಿಂಗಳುಗಟ್ಟಲೆ ಸೇವಿಸುವವರಿದ್ದಾರೆ. ಮತ್ತೆ ಕೆಲವರು ಜಾಹೀರಾತುಗಳನ್ನು ನಂಬಿ, ಅಗತ್ಯವಿಲ್ಲದ ಚಿಕಿತ್ಸೆಗೆ ಹಣ ತೆರುತ್ತಾರೆ. ಇವರಿಗೆ ವ್ಯತಿರಿಕ್ತವಾಗಿ, ನಿಜವಾಗಿಯೂ ಚಿಕಿತ್ಸೆ ಬೇಕಾದವರು ‘ನರ ಉಬ್ಬಿದೆ, ಅಷ್ಟೇ’ ಎಂದು ಸುಮ್ಮನಿದ್ದು, ಕಣಕಾಲಿನ ಬಳಿ ಮಾಯದ ಹುಣ್ಣಾದ ಮೇಲೆ ವೈದ್ಯರ ಬಳಿಗೆ ಬರುತ್ತಾರೆ. ಈ ಎರಡು ವರ್ಗಗಳ ನಡುವಿನ ವ್ಯತ್ಯಾಸವನ್ನು ಅರಿಯುವುದೇ ಈ ಪಾಠದ ಉದ್ದೇಶ.

ನೂಲೆಳೆ ರಕ್ತನಾಳ ಎಂದರೇನು?

ಹೃದಯದಿಂದ ದೇಹದ ಎಲ್ಲ ಭಾಗಗಳಿಗೆ ರಕ್ತವನ್ನು ಒಯ್ಯುವ ನಾಳಗಳು ಅಪಧಮನಿಗಳು. ಅಂಗಾಂಗಗಳಿಂದ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳು ಅಭಿಧಮನಿಗಳು. ಕಾಲಿನ ಅಭಿಧಮನಿಗಳಲ್ಲಿ ಕೆಲವು ಸ್ನಾಯುಗಳ ನಡುವೆ ಆಳದಲ್ಲಿವೆ. ಕೆಲವು ಚರ್ಮದ ಕೆಳಗೆ ಮೇಲ್ಮಟ್ಟದಲ್ಲಿವೆ. ಇವಲ್ಲದೆ ಚರ್ಮದ ಪದರದೊಳಗೇ ಹರಡಿರುವ ಅತಿ ಸಣ್ಣ ನಾಳಗಳೂ ಇವೆ. ಈ ಸಣ್ಣ ನಾಳಗಳು ಹಿಗ್ಗಿ ಹೊರಗೆ ಕಾಣುವಂತಾದಾಗ ಅವು ಚರ್ಮದ ಮೇಲೆ ನೂಲಿನ ಎಳೆಗಳಂತೆಯೋ ಜೇಡರ ಬಲೆಯಂತೆಯೋ ತೋರುತ್ತವೆ.

ವೈದ್ಯರು ಇವನ್ನು ಅಗಲದ ಆಧಾರದ ಮೇಲೆ ವಿಂಗಡಿಸುತ್ತಾರೆ. 1 ಮಿಲಿಮೀಟರಿಗಿಂತ ಕಡಿಮೆ ಅಗಲವಿರುವವು ನೂಲೆಳೆ ನಾಳಗಳು. 1ರಿಂದ 3 ಮಿಲಿಮೀಟರು ಅಗಲವಿದ್ದು, ಚರ್ಮದ ಕೆಳಗೆ ನೀಲಿಯಾಗಿ ಬಲೆಯಂತೆ ಹರಡಿರುವವು ಜಾಲನಾಳಗಳು. 3 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಅಗಲವಾಗಿ, ನಿಂತಾಗ ಹಗ್ಗದಂತೆ ಉಬ್ಬಿ ತಿರುಚಿಕೊಂಡು ಕಾಣುವವು ಉಬ್ಬಿದ ಅಭಿಧಮನಿಗಳು. ‘ವೆರಿಕೋಸ್ ವೇನ್ಸ್’ ಎಂದು ಎಲ್ಲರೂ ಕರೆಯುವುದು ಇವನ್ನೇ.

ನೂಲೆಳೆ ನಾಳಗಳು ಅಪರೂಪವೇನಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ 18ರಿಂದ 64 ವರ್ಷದೊಳಗಿನ 1,566 ಜನರನ್ನು ಪರೀಕ್ಷಿಸಿ, 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುರುಷರು ಮತ್ತು ಸ್ತ್ರೀಯರು ಇಬ್ಬರಲ್ಲಿಯೂ ಶೇಕಡ 80ಕ್ಕಿಂತ ಹೆಚ್ಚು ಮಂದಿಗೆ ನೂಲೆಳೆ ನಾಳ ಅಥವಾ ಜಾಲನಾಳಗಳು ಇದ್ದುದು ಕಂಡುಬಂದಿತು. ಅಲ್ಲಿಯ ಅಂಕಿಅಂಶಗಳನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಇದು ಹೆಂಗಸರಿಗೆ ಮಾತ್ರ ಬರುವ ತೊಂದರೆ ಎಂಬ ಕಲ್ಪನೆ ಸರಿಯಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ರಕ್ತ ಮೇಲೇರುವ ಬಗೆ

ಕಾಲಿನ ರಕ್ತವು ಗುರುತ್ವಾಕರ್ಷಣೆಗೆ ಎದುರಾಗಿ ಹೃದಯದವರೆಗೆ ಏರಬೇಕು. ಈ ಕಾರ್ಯಕ್ಕೆ ಎರಡು ವ್ಯವಸ್ಥೆಗಳಿವೆ. ಮೊದಲನೆಯದು ಅಭಿಧಮನಿಗಳೊಳಗಿನ ಕವಾಟಗಳು. ಇವು ರಕ್ತವನ್ನು ಮೇಲಕ್ಕೆ ಬಿಡುತ್ತವೆ, ಕೆಳಕ್ಕೆ ಬಿಡುವುದಿಲ್ಲ. ಇಟಲಿಯ ಪಾಡುವಾ ವಿಶ್ವವಿದ್ಯಾಲಯದ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳ ವಿವರಣೆಯನ್ನು ಪ್ರಕಟಿಸಿದನು. ಅವನ ಶಿಷ್ಯನಾಗಿದ್ದ ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯನ್ನು ನಿರೂಪಿಸುವಾಗ ಇದೇ ಕವಾಟಗಳನ್ನು ಒಂದು ಪ್ರಮುಖ ಆಧಾರವಾಗಿ ಬಳಸಿಕೊಂಡನು.

ಎರಡನೆಯದು ಮೀನಖಂಡದ ಸ್ನಾಯುಗಳು. ನಡೆಯುವಾಗ ಪ್ರತಿ ಹೆಜ್ಜೆಗೂ ಇವು ಸಂಕುಚಿಸಿ, ಆಳದ ಅಭಿಧಮನಿಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ದೂಡುತ್ತವೆ. ಮೀನಖಂಡಕ್ಕೆ ‘ಎರಡನೆಯ ಹೃದಯ’ ಎಂಬ ಹೆಸರು ಬಂದಿರುವುದು ಇದರಿಂದಲೇ. ಅಲುಗಾಡದೆ ನಿಂತಿರುವ ವಯಸ್ಕನ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡವು ಪಾದರಸದ ಮಟ್ಟದಲ್ಲಿ ಸುಮಾರು 80ರಿಂದ 90 ಮಿಲಿಮೀಟರು ಇರುತ್ತದೆ. ಅದೇ ವ್ಯಕ್ತಿ ನಡೆಯಲಾರಂಭಿಸಿದರೆ ಅದು ಸುಮಾರು 30 ಮಿಲಿಮೀಟರಿಗೆ ಅಥವಾ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಕವಾಟಗಳು ಕೆಟ್ಟಿದ್ದರೆ ಮಾತ್ರ ನಡೆದರೂ ಒತ್ತಡವು ಸಾಕಷ್ಟು ಇಳಿಯುವುದಿಲ್ಲ. ಹೀಗೆ ಸದಾ ಉಳಿಯುವ ಒತ್ತಡವೇ ಕಾಲು ಊದುವುದಕ್ಕೆ, ಚರ್ಮ ಕಪ್ಪಾಗುವುದಕ್ಕೆ, ಕೊನೆಗೆ ಹುಣ್ಣಾಗುವುದಕ್ಕೆ ಕಾರಣ.

ನೂಲೆಳೆ ನಾಳಗಳು ಹೆಚ್ಚಾಗಿ ಕಾಣಿಸಿಕೊಳ್ಳಲು ವಂಶಗುಣ, ವಯಸ್ಸು, ಗರ್ಭಧಾರಣೆ, ಹಾರ್ಮೋನುಗಳ ವ್ಯತ್ಯಾಸ, ಸ್ಥೂಲಕಾಯ ಮೊದಲಾದವು ಕಾರಣಗಳಾಗಿವೆ. ಪೆಟ್ಟು ಬಿದ್ದ ಜಾಗದಲ್ಲಿಯೂ ಅವು ಹುಟ್ಟಬಹುದು. ಬಹುಪಾಲು ಜನರಲ್ಲಿ ಇವುಗಳ ಹಿಂದೆ ಕವಾಟದ ದೋಷವಿರುವುದಿಲ್ಲ. ಕೆಲವರಲ್ಲಿ ಮಾತ್ರ ಇರುತ್ತದೆ. ಆ ಕೆಲವರನ್ನು ಗುರುತಿಸುವುದೇ ಮುಖ್ಯ.

ನಿರಪಾಯವಾದುದು ಯಾವುದು, ಎಚ್ಚರಿಕೆಯ ಚಿಹ್ನೆ ಯಾವುದು?

ತೊಡೆಯ ಹೊರಬದಿಯಲ್ಲಿ ಅಥವಾ ಮೊಣಕಾಲಿನ ಸುತ್ತ ಅಲ್ಲಲ್ಲಿ ಕೆಲವು ಎಳೆಗಳಿದ್ದು, ಊತವಾಗಲಿ ಚರ್ಮದ ಬದಲಾವಣೆಯಾಗಲಿ ಇಲ್ಲದಿದ್ದರೆ, ಅದು ರೂಪಕ್ಕೆ ಸಂಬಂಧಿಸಿದ ವಿಷಯ ಮಾತ್ರ. ಅದಕ್ಕೆ ಚಿಕಿತ್ಸೆ ಮಾಡಿಸದಿದ್ದರೆ ಆರೋಗ್ಯಕ್ಕೆ ಹಾನಿಯಿಲ್ಲ. ಮಾಡಿಸಿಕೊಳ್ಳುವುದು ಅವರವರ ಇಚ್ಛೆಗೆ ಬಿಟ್ಟದ್ದು. ಕೆಳಗಿನ ಚಿಹ್ನೆಗಳಿದ್ದರೆ ಮಾತ್ರ ತಡಮಾಡದೆ ಪರೀಕ್ಷೆ ಮಾಡಿಸಬೇಕು:

1. ಕಣಕಾಲಿನ ಒಳಬದಿಯಲ್ಲಿ ನೂಲೆಳೆ ನಾಳಗಳು ಬೀಸಣಿಗೆಯಾಕಾರದಲ್ಲಿ ದಟ್ಟವಾಗಿ ಹರಡಿರುವುದು. 2020ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದನ್ನು ಸಾಮಾನ್ಯ ನೂಲೆಳೆ ನಾಳಗಳಿಂದ ಬೇರ್ಪಡಿಸಿ, ಚರ್ಮದ ಬದಲಾವಣೆಗಳ ಗುಂಪಿಗೆ ಸೇರಿಸಲಾಗಿದೆ.
2. ಸಂಜೆಯ ವೇಳೆಗೆ ಕಾಲು ಊದುವುದು, ಭಾರವಾಗುವುದು, ಸೆಳೆಯುವುದು.
3. ಕಣಕಾಲಿನ ಮೇಲ್ಭಾಗದ ಚರ್ಮವು ಕಂದು ಬಣ್ಣಕ್ಕೆ ತಿರುಗುವುದು, ಗಟ್ಟಿಯಾಗುವುದು ಅಥವಾ ಅಲ್ಲಿ ತುರಿಕೆಯ ಇಸುಬು ಕಾಣಿಸಿಕೊಳ್ಳುವುದು.
4. ನಿಂತಾಗ ಹಗ್ಗದಂತೆ ಉಬ್ಬುವ ನಾಳಗಳು.
5. ಎರಡು ವಾರ ಕಳೆದರೂ ಮಾಯದ ಗಾಯ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡದಲ್ಲಿ ನೋವು ಕಾಣಿಸಿಕೊಂಡರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. ಆದ್ದರಿಂದ ಅಂಥ ಕಾಲನ್ನು ಎಣ್ಣೆ ಹಚ್ಚಿ ತಿಕ್ಕದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದರೊಂದಿಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ ಒಂದು ಗಳಿಗೆಯೂ ಕಾಯಬಾರದು.

ಮೊದಲು ಪರೀಕ್ಷೆ

ಎಚ್ಚರಿಕೆಯ ಚಿಹ್ನೆಗಳಿರುವವರಲ್ಲಿ ಚಿಕಿತ್ಸೆಗೆ ಮುನ್ನ ಡಾಪ್ಲರ್ ಸ್ಕ್ಯಾನ್ ಅವಶ್ಯಕ. ಶಬ್ದಾತೀತ ಅಲೆಗಳ ನೆರವಿನಿಂದ ರಕ್ತವು ಯಾವ ದಿಕ್ಕಿನಲ್ಲಿ ಹರಿಯುತ್ತಿದೆ, ಯಾವ ಕವಾಟ ಸೋರುತ್ತಿದೆ ಎಂಬುದನ್ನು ಇದು ತೋರಿಸುತ್ತದೆ. ಇದರಲ್ಲಿ ಸೂಜಿಯಿಲ್ಲ, ಕ್ಷಕಿರಣವಿಲ್ಲ, ನೋವೂ ಇಲ್ಲ. ರೋಗಿಯನ್ನು ನಿಲ್ಲಿಸಿ ಪರೀಕ್ಷಿಸಿದಾಗಲೇ ಸೋರಿಕೆಯು ಸರಿಯಾಗಿ ತಿಳಿಯುತ್ತದೆ.

ಈ ಪರೀಕ್ಷೆಯ ಮಹತ್ವವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಮಾಳಿಗೆಯ ಮೇಲೆ ನೀರಿನ ಕೊಳವೆ ಸೋರುತ್ತಿರುವಾಗ ಕೆಳಗಿನ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಕಲೆ ಮತ್ತೆ ಮೂಡುತ್ತದೆ. ಅದೇ ರೀತಿ ಮುಖ್ಯ ಅಭಿಧಮನಿಯಲ್ಲಿ ಸೋರಿಕೆಯಿರುವಾಗ ಮೇಲ್ಮೈಯ ಎಳೆಗಳಿಗೆ ಮಾತ್ರ ಚಿಕಿತ್ಸೆ ಮಾಡಿದರೆ, ಅವು ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಮೊದಲು ಮೂಲ, ಆಮೇಲೆ ಮೇಲ್ಮೈ: ಇದೇ ಈ ಚಿಕಿತ್ಸೆಯ ಕ್ರಮ.

ಚುಚ್ಚುಮದ್ದಿನ ಚಿಕಿತ್ಸೆ

ಕಾಲಿನ ನೂಲೆಳೆ ನಾಳಗಳಿಗೆ ಬಹುಕಾಲದಿಂದ ರೂಢಿಯಲ್ಲಿರುವ ಚಿಕಿತ್ಸೆ ‘ಸ್ಕ್ಲೆರೋಥೆರಪಿ’. ಅತಿ ಸಣ್ಣ ಸೂಜಿಯಿಂದ ನಾಳದೊಳಕ್ಕೆ ಔಷಧಿಯನ್ನು ಸೇರಿಸಲಾಗುತ್ತದೆ. ಅದು ನಾಳದ ಒಳಪದರವನ್ನು ಕೆಡಿಸುತ್ತದೆ. ನಾಳದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಲಕ್ರಮೇಣ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಇಷ್ಟು ಸಣ್ಣ ನಾಳಗಳು ಮುಚ್ಚಿಹೋದರೆ ರಕ್ತಸಂಚಾರಕ್ಕೆ ಧಕ್ಕೆಯಿಲ್ಲ. ರಕ್ತವು ಉಳಿದ ಆರೋಗ್ಯಕರ ನಾಳಗಳ ಮೂಲಕ ಸಾಗುತ್ತದೆ.

ಈ ಕಾರ್ಯಕ್ಕೆ ಪಾಲಿಡೊಕೆನಾಲ್ ಮತ್ತು ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಔಷಧಿಗಳು ಹೆಚ್ಚು ಬಳಕೆಯಲ್ಲಿವೆ. ಪಾಲಿಡೊಕೆನಾಲನ್ನು ನೂಲೆಳೆ ನಾಳಗಳಿಗೆ ಸಾಮಾನ್ಯವಾಗಿ ಶೇಕಡ 0.5ರ ಸಾಂದ್ರತೆಯಲ್ಲಿ, ಜಾಲನಾಳಗಳಿಗೆ ಶೇಕಡ 1ರ ಸಾಂದ್ರತೆಯಲ್ಲಿ ಬಳಸುತ್ತಾರೆ. ನಾಳ ಸಣ್ಣದಾದಷ್ಟೂ ಔಷಧಿ ತೆಳುವಾಗಿರಬೇಕು. ಸಾಂದ್ರತೆ ಹೆಚ್ಚಾದರೆ ಅಥವಾ ಔಷಧಿ ನಾಳದ ಹೊರಗೆ ಸೋರಿದರೆ ಚರ್ಮದಲ್ಲಿ ಹುಣ್ಣಾಗಬಹುದು. ಆದುದರಿಂದ ಇದು ಸೌಂದರ್ಯಮಳಿಗೆಯಲ್ಲಿ ಮಾಡಿಸಿಕೊಳ್ಳತಕ್ಕ ಕೆಲಸವಲ್ಲ. ಇದರಲ್ಲಿ ತರಬೇತಿ ಪಡೆದ ವೈದ್ಯರು ಮಾಡಬೇಕಾದುದು.

ಫಲಿತಾಂಶ ಕೂಡಲೇ ಕಾಣುವುದಿಲ್ಲ. ಮೊದಲ ದಿನಗಳಲ್ಲಿ ಚುಚ್ಚಿದ ಜಾಗ ಕೆಂಪಾಗಿ, ಮೊದಲಿಗಿಂತ ಕೆಟ್ಟದಾಗಿಯೂ ತೋರಬಹುದು. ಎಳೆಗಳು ಮಾಸಲು ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಹಲವು ವಾರಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಸಲ ಚಿಕಿತ್ಸೆ ಬೇಕಾಗುವುದೂ ಉಂಟು. ಮುಚ್ಚಿದ ನಾಳಗಳು ಹೋದರೂ ಹೊಸ ನಾಳಗಳು ಹುಟ್ಟಬಹುದು. ‘ಒಂದೇ ಸಲಕ್ಕೆ ಶಾಶ್ವತ ಪರಿಹಾರ’ ಎಂಬ ಭರವಸೆಯನ್ನು ನಂಬಬಾರದು.

ಲೇಸರ್ ಚಿಕಿತ್ಸೆ ಮತ್ತು ನಮ್ಮ ಚರ್ಮದ ಬಣ್ಣ

ಲೇಸರ್ ಕಿರಣವನ್ನು ರಕ್ತದ ಕೆಂಪು ವರ್ಣದ್ರವ್ಯ ಹೀರಿಕೊಂಡಾಗ ಶಾಖ ಹುಟ್ಟಿ ನಾಳ ಮುಚ್ಚುತ್ತದೆ. ಆದರೆ ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಕೂಡ ಕಿರಣವನ್ನು ಹೀರುತ್ತದೆ. ಗೋಧಿವರ್ಣದ ಅಥವಾ ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚಾಗಿರುವುದರಿಂದ ಶಾಖದ ಒಂದು ಭಾಗ ಚರ್ಮದ ಮೇಲ್ಪದರದಲ್ಲಿಯೇ ಉಳಿದು ಸುಟ್ಟ ಗಾಯ, ಕಪ್ಪು ಕಲೆ ಅಥವಾ ಬಿಳಿ ಮಚ್ಚೆ ಉಂಟಾಗಬಹುದು. ಮೆಲನಿನ್ ಕಡಿಮೆ ಹೀರುವ 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಇಂಥ ಚರ್ಮಕ್ಕೆ 532 ನ್ಯಾನೊಮೀಟರಿನ ಲೇಸರಿಗಿಂತ ಹೆಚ್ಚು ಸುರಕ್ಷಿತ. ಹಾಗಿದ್ದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಯಾವ ಲೇಸರ್, ಎಷ್ಟು ತರಂಗಾಂತರ ಎಂದು ಕೇಳುವುದು ರೋಗಿಯ ಹಕ್ಕು. ಮೊದಲು ಒಂದು ಸಣ್ಣ ಜಾಗದಲ್ಲಿ ಪ್ರಯೋಗಿಸಿ ನೋಡುವಂತೆಯೂ ಕೇಳಬಹುದು. ಸೂಜಿಯ ಭಯವಿರುವವರಿಗೆ ಮತ್ತು ಸೂಜಿ ಹೋಗದಷ್ಟು ಸಣ್ಣ ನಾಳಗಳಿಗೆ ಲೇಸರ್ ಉಪಯುಕ್ತ. ಕಾಲಿನ ಉಳಿದ ನಾಳಗಳಿಗೆ ಸಾಮಾನ್ಯವಾಗಿ ಚುಚ್ಚುಮದ್ದೇ ಮೊದಲ ಆಯ್ಕೆ.

ಅಡ್ಡಪರಿಣಾಮಗಳು

ಚುಚ್ಚುಮದ್ದಿನ ಬಳಿಕ ನಾಳವಿದ್ದ ಜಾಗದಲ್ಲಿ ಕಂದು ಗೆರೆ ಉಳಿಯುವುದು ಸಾಮಾನ್ಯ. ಒಡೆದ ರಕ್ತಕಣಗಳ ಕಬ್ಬಿಣದ ಅಂಶ ಚರ್ಮದಲ್ಲಿ ನಿಲ್ಲುವುದೇ ಇದಕ್ಕೆ ಕಾರಣ. ಬಹುಮಂದಿಯಲ್ಲಿ ಇದು ಒಂದು ವರ್ಷದೊಳಗೆ ಮಾಸುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಚಿಕಿತ್ಸೆ ಮಾಡಿದ ಜಾಗದ ಸುತ್ತ ಇನ್ನೂ ಸಣ್ಣ ಕೆಂಪು ಎಳೆಗಳು ದಟ್ಟವಾಗಿ ಹುಟ್ಟುವುದೂ ಉಂಟು. ಅಲರ್ಜಿ, ಚರ್ಮದ ಹುಣ್ಣು ಮತ್ತು ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟುವಿಕೆ ವಿರಳ. ಆದರೆ ಅಲರ್ಜಿಯನ್ನು ನಿಭಾಯಿಸುವ ತುರ್ತು ಔಷಧಿಗಳು ಚಿಕಿತ್ಸಾಲಯದಲ್ಲಿ ಸಿದ್ಧವಿರಲೇಬೇಕು.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಚಿಕಿತ್ಸೆಯನ್ನು ಮುಂದೂಡುವುದು ಹಿತಕರ. ಗರ್ಭಿಣಿಯರಲ್ಲಿ ಕಾಣಿಸಿಕೊಂಡ ನೂಲೆಳೆ ನಾಳಗಳು ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಾವೇ ಕಡಿಮೆಯಾಗುತ್ತವೆ. ಹಿಂದೆ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ್ದವರು, ನಡೆದಾಡಲಾಗದವರು, ಔಷಧಿಗಳ ಅಲರ್ಜಿಯಿರುವವರು ಮತ್ತು ಗರ್ಭನಿರೋಧಕ ಗುಳಿಗೆಗಳನ್ನು ಸೇವಿಸುತ್ತಿರುವವರು ಆ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು.

ಮುಖ್ಯ ಅಭಿಧಮನಿ ಸೋರುತ್ತಿದ್ದರೆ

ಕಣಕಾಲಿನಿಂದ ತೊಡೆಸಂದಿನವರೆಗೆ ಕಾಲಿನ ಒಳಬದಿಯಲ್ಲಿ ಸಾಗುವ ಉದ್ದವಾದ ಅಭಿಧಮನಿಯ ಕವಾಟಗಳು ಕೆಟ್ಟಾಗ ಉಬ್ಬಿದ ನಾಳಗಳು ಮತ್ತು ಹುಣ್ಣುಗಳು ಉಂಟಾಗುವುದು ಹೆಚ್ಚು. ಹಿಂದೆ ಆ ಅಭಿಧಮನಿಯನ್ನು ಶಸ್ತ್ರಕ್ರಿಯೆಯಿಂದ ಎಳೆದು ತೆಗೆಯಲಾಗುತ್ತಿತ್ತು. ಈಗ ಅದರೊಳಗೆ ಸಣ್ಣ ತಂತುವನ್ನು ತೂರಿಸಿ, ಲೇಸರ್ ಅಥವಾ ರೇಡಿಯೋ ತರಂಗಗಳ ಶಾಖದಿಂದ ಒಳಗಿನಿಂದಲೇ ಮುಚ್ಚಲಾಗುತ್ತದೆ. ಇದನ್ನು ಸ್ಥಳೀಯ ಅರಿವಳಿಕೆಯಲ್ಲಿ ಮಾಡಬಹುದು. ರೋಗಿಯು ಸಾಮಾನ್ಯವಾಗಿ ಅದೇ ದಿನ ನಡೆದು ಮನೆಗೆ ಹೋಗಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ ಈ ವಿಧಾನಕ್ಕೆ ಮೊದಲ ಸ್ಥಾನವನ್ನೂ, ನೊರೆರೂಪದ ಚುಚ್ಚುಮದ್ದಿಗೆ ಎರಡನೆಯ ಸ್ಥಾನವನ್ನೂ, ಶಸ್ತ್ರಕ್ರಿಯೆಗೆ ಮೂರನೆಯ ಸ್ಥಾನವನ್ನೂ ನೀಡಿತು.

ಹುಣ್ಣಾದವರಿಗಂತೂ ವಿಳಂಬ ಸಲ್ಲದು. ಬ್ರಿಟನ್ನಿನ 20 ಕೇಂದ್ರಗಳಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಲ್ಲ ರೋಗಿಗಳಿಗೂ ಒತ್ತುಪಟ್ಟಿ ಕಟ್ಟಲಾಗಿತ್ತು. ಸೋರುವ ಅಭಿಧಮನಿಗೆ ಬೇಗನೆ ಚಿಕಿತ್ಸೆ ಪಡೆದ ಗುಂಪಿನಲ್ಲಿ ಅರ್ಧದಷ್ಟು ಮಂದಿಯ ಹುಣ್ಣು 56 ದಿನಗಳೊಳಗೆ ಮಾಯಿತು. ಚಿಕಿತ್ಸೆಯನ್ನು ಮುಂದೂಡಿದ ಗುಂಪಿನಲ್ಲಿ ಇದಕ್ಕೆ 82 ದಿನಗಳು ಬೇಕಾದವು. ಹುಣ್ಣಿಗೆ ಬಗೆಬಗೆಯ ಮುಲಾಮುಗಳನ್ನು ಬದಲಿಸುತ್ತ ಕಾಲ ಕಳೆಯುವುದರಿಂದ ಪ್ರಯೋಜನವಿಲ್ಲ. ಕೆಲವು ಮುಲಾಮುಗಳಿಂದ ಚರ್ಮಕ್ಕೆ ಅಲರ್ಜಿಯಾಗಿ ಗಾಯ ಇನ್ನಷ್ಟು ಕೆಡುವುದೂ ಉಂಟು.

ನಿಂತು ದುಡಿಯುವವರು

ಮುಂಬಯಿ, ಪುಣೆಗಳ ಉಡುಪಿ ಹೋಟೆಲುಗಳಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವ ಅಡುಗೆಯವರು, ಜವಳಿ ಅಂಗಡಿಯ ನೌಕರರು, ದಾದಿಯರು, ಶಿಕ್ಷಕರು, ಸಂಚಾರಿ ಪೊಲೀಸರು ದಿನದ ಬಹುಭಾಗ ನಿಂತೇ ದುಡಿಯುತ್ತಾರೆ. ಬಹಳ ಹೊತ್ತು ನಿಲ್ಲುವ ವೃತ್ತಿಗೂ ಉಬ್ಬಿದ ಅಭಿಧಮನಿಗಳಿಗೂ ಸಂಬಂಧವಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. 1948ರ ಕಾರ್ಖಾನೆ ಕಾಯಿದೆಯ 44ನೆಯ ಪ್ರಕರಣವು ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಅವಕಾಶ ದೊರೆತಾಗ ಕುಳಿತುಕೊಳ್ಳಲು ಆಸನಗಳಿರಬೇಕೆಂದು ವಿಧಿಸಿತ್ತು. ಅಂಗಡಿಗಳ ನೌಕರರಿಗೆ ಈ ಸೌಲಭ್ಯವನ್ನು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಕಾಯಿದೆಗಳನ್ನು ತಿದ್ದಿ ಒದಗಿಸಿದವು. ಆದ್ದರಿಂದ ಚೆನ್ನೈಯ ಅಂಗಡಿಯ ನೌಕರರು ಆಸನ ಕೇಳುವುದು ಸೋಮಾರಿತನವಲ್ಲ, ಕಾನೂನು ಕೊಟ್ಟ ಹಕ್ಕು.

ನಿಲ್ಲಲೇಬೇಕಾದವರು ಆಗಾಗ್ಗೆ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ನಾಲ್ಕು ಹೆಜ್ಜೆ ನಡೆಯುವುದು, ಬಿಡುವಿನಲ್ಲಿ ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗುವುದು ಉಪಯುಕ್ತ. ಒತ್ತುಗಾಲುಚೀಲಗಳು ಭಾರ ಮತ್ತು ಊತವನ್ನು ತಗ್ಗಿಸುತ್ತವೆ. ಈಗಾಗಲೇ ಕಾಣುತ್ತಿರುವ ಎಳೆಗಳನ್ನು ಅವು ಅಳಿಸಲಾರವು. ಮಧುಮೇಹಿಗಳು, ಧೂಮಪಾನಿಗಳು ಮತ್ತು ನಡೆದಾಗ ಮೀನಖಂಡ ಹಿಡಿದುಕೊಳ್ಳುವವರು ವೈದ್ಯರಿಂದ ಕಾಲಿನ ಅಪಧಮನಿಗಳ ಪರೀಕ್ಷೆ ಮಾಡಿಸದೆ ಇವನ್ನು ಧರಿಸಬಾರದು. ಅಪಧಮನಿಯಲ್ಲಿ ರಕ್ತ ಮೊದಲೇ ಕಡಿಮೆಯಿರುವ ಕಾಲನ್ನು ಬಿಗಿದರೆ ಅಪಾಯವಾದೀತು.

ರಕ್ತ ಸೋರಿದಾಗ ಪ್ರಥಮ ಚಿಕಿತ್ಸೆ

ಉಬ್ಬಿದ ನಾಳ ಅಥವಾ ಕಣಕಾಲಿನ ನೂಲೆಳೆ ನಾಳವು ಸಣ್ಣ ಪೆಟ್ಟಿನಿಂದ, ಕೆಲವೊಮ್ಮೆ ಸ್ನಾನದ ವೇಳೆ, ಒಡೆದು ರಕ್ತ ಚಿಮ್ಮಬಹುದು. ವೃದ್ಧರಲ್ಲಿ ಇದು ಮಾರಕವೂ ಆಗಬಲ್ಲದು. ಆಗ ರೋಗಿಯನ್ನು ನಿಲ್ಲಿಸದೆ, ಕುರ್ಚಿಯಲ್ಲಿ ಕೂರಿಸದೆ, ನೆಲದ ಮೇಲೆ ಮಲಗಿಸಿ ಕಾಲನ್ನು ಎತ್ತರಿಸಬೇಕು. ಸ್ವಚ್ಛವಾದ ಬಟ್ಟೆಯಿಂದ ಗಾಯದ ಮೇಲೆ ನೇರವಾಗಿ 10 ನಿಮಿಷ ಬಿಡದೆ ಒತ್ತಬೇಕು. ತೊಡೆಗೆ ಹಗ್ಗವನ್ನೋ ಬಟ್ಟೆಯನ್ನೋ ಬಿಗಿಯಬಾರದು. ಅದರಿಂದ ಸೋರಿಕೆ ಹೆಚ್ಚಬಹುದು. ರಕ್ತ ನಿಂತ ಮೇಲೂ ವೈದ್ಯರನ್ನು ಕಾಣುವುದು ಅಗತ್ಯ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ಇದು ರೂಪಕ್ಕೆ ಸಂಬಂಧಿಸಿದ್ದೋ, ಕವಾಟದ ದೋಷವೂ ಇದೆಯೋ?
2. ಡಾಪ್ಲರ್ ಸ್ಕ್ಯಾನ್ ಬೇಕೇ? ನಿಲ್ಲಿಸಿ ಮಾಡುತ್ತಾರೆಯೇ?
3. ಯಾವ ಔಷಧಿ ಅಥವಾ ಯಾವ ಲೇಸರ್? ಎಷ್ಟು ಸಲ? ಒಟ್ಟು ವೆಚ್ಚವೆಷ್ಟು?
4. ಈ ಬಣ್ಣದ ಚರ್ಮದಲ್ಲಿ ಕಲೆ ಉಳಿಯುವ ಸಂಭವವೆಷ್ಟು?
5. ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ?

ವೆಚ್ಚದ ಬಗ್ಗೆ ಒಂದು ಮಾತು. ರೂಪಕ್ಕಾಗಿ ಮಾತ್ರ ಮಾಡುವ ಚಿಕಿತ್ಸೆಯ ಖರ್ಚನ್ನು ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಭರಿಸುವುದಿಲ್ಲ. ಉಬ್ಬಿದ ಅಭಿಧಮನಿಗಳ ಚಿಕಿತ್ಸೆಗೂ ಹಲವು ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಲೇಸು.

ಐದನೆಯ ಪ್ರಶ್ನೆಗೆ ‘ಏನೂ ಆಗುವುದಿಲ್ಲ’ ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಮನೆಗೆ ಹಿಂದಿರುಗಬಹುದು. ಚಿಕಿತ್ಸೆ ಬೇಕೆನಿಸಿದರೆ ಯೋಚಿಸಿ ಬಿಡುವಾಗಿ ಮಾಡಿಸಿಕೊಳ್ಳಬಹುದು. ‘ಹುಣ್ಣಾಗಬಹುದು’ ಎಂಬ ಉತ್ತರ ಬಂದರೆ ಹಣವನ್ನೂ ಸಮಯವನ್ನೂ ಮೊದಲು ಸೋರುವ ಅಭಿಧಮನಿಗೆ ವಿನಿಯೋಗಿಸಬೇಕು. ಎಳೆಗಳ ಮಾತು ಆಮೇಲಿನದು.